ಅಂಟು ಒಣಗುವ ಹೊತ್ತು

ನಮ್ಮ ಅತ್ತಿಗೆ ಮೂರು ವರ್ಷ ಜೋಪಾನ ಮಾಡಿದ ಪುಸ್ತಕವನ್ನು ಚಾಕು ಹಾಕಿ ಸೀಳಿದವಳು ನಾನು. ಇದು ನಮ್ಮ ಬೀದಿಗೆಲ್ಲ ಗೊತ್ತು. ಯಾಕೆ ಸೀಳಿದೆ ಅನ್ನುವುದು ಮಾತ್ರ ಅರ್ಧಂಬರ್ಧ ಗೊತ್ತು. ಅದಕ್ಕೇ ಒಂದು ಸಲ ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿಬಿಡೋಣ ಅಂತ ಕೂತಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಹೇಳುತ್ತಾಳೆ. ಇರಬಹುದು. ಆ ದಿನ ಆ ಕೋಪ ಬಾರದೇ ಹೋಗಿದ್ದರೆ ಹೇಳಲು ಈ ಕಥೆಯೇ ಇರುತ್ತಿರಲಿಲ್ಲ.

ನಮ್ಮದು ಪುಸ್ತಕ ಬೈಂಡಿಂಗ್ ಅಂಗಡಿ. ಔಷಧದಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಸಿಕ್ಕಿಕೊಂಡಿರುವ ಒಂದು ಉದ್ದನೆಯ ಕೋಣೆ. ಬಾಗಿಲ ಹತ್ತಿರ ನನ್ನ ಮೇಜು, ಕಾಗದ ಮಡಿಸುವುದು ಮತ್ತು ಗಿರಾಕಿಗಳ ಬಾಯಿಗೆ ಬಾಯಿ ಕೊಡುವುದು ನನ್ನ ಕೆಲಸ. ಅದರ ಹಿಂದೆ ಅತ್ತಿಗೆಯ ಮೇಜು, ಹೊಲಿಗೆ ಮತ್ತು ರಟ್ಟಿನ ಕೆಲಸ ಅವಳದು. ಗೋಡೆಗೆ ಒತ್ತಿಕೊಂಡು ಕಬ್ಬಿಣದ ಪ್ರೆಸ್ಸು. ಅದರ ಚಕ್ರ ತಿರುಗಿಸಿದರೆ ಮೇಲಿನ ಹಲಗೆ ಕೆಳಗಿಳಿದು, ಅಂಟು ಹಚ್ಚಿದ ಪುಸ್ತಕಗಳನ್ನು ಅಮುಕಿ ಹಿಡಿದುಕೊಳ್ಳುತ್ತದೆ. ಹಿಂಬದಿಯ ಸಣ್ಣ ಕೋಣೆಯಲ್ಲಿ ಅಂಗಡಿಯ ಮೂಲ ಪುರುಷ ಅಂಟಿನಜ್ಜ ಇರುತ್ತಾರೆ. ಅರವತ್ತು ವರ್ಷ ಅಂಟಿನಲ್ಲೇ ಕೈಯಾಡಿಸಿದವರು, ಅದಕ್ಕೆ ಆ ಹೆಸರು. ಅವರಿಗೆ ಹಿಂದೆ ಮುಂದೆ ಯಾರೂ ಇಲ್ಲ. ನಾವೇ.

ಅತ್ತಿಗೆ ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸತರಲ್ಲಿ ಎದುರಿಗಿರುವ ಈ ಅಂಗಡಿಗೆ ಒಂದು ಹಳೇ ಪುಸ್ತಕ ರಿಪೇರಿಗೆ ತಂದಿದ್ದಳು. ಅಜ್ಜ ಹೊಲಿಯುವುದನ್ನು ನೋಡುತ್ತಾ ನಿಂತವಳು ಮಾರನೆಯ ದಿನವೂ ಬಂದು ನಿಂತಳು. ಮೂರನೆಯ ದಿನ ಅಜ್ಜ, "ಸುಮ್ನೆ ನಿಂತ್ಕೊಂಡು ಬೆಳಕಿಗೆ ಅಡ್ಡ ಆಗ್ಬೇಡ, ಕೂತ್ಕೊಂಡು ಈ ದಾರಕ್ಕೆ ಮೇಣ ಹಚ್ಚು," ಅಂದರಂತೆ. ಕೂತವಳು ಇಪ್ಪತ್ತೆರಡು ವರ್ಷವಾದರೂ ಎದ್ದಿಲ್ಲ. ನಾನು ಹತ್ತನೇ ತರಗತಿಯಲ್ಲಿ ಎರಡು ಸಲ ಫೇಲಾಗಿ, ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಾಗ ನನ್ನ ಕೈ ಹಿಡಿದು ಇಲ್ಲಿಗೆ ಎಳೆದುಕೊಂಡು ಬಂದವಳೂ ಅವಳೇ. "ಓದೋಕ್ಕೆ ಬರ್ದಿದ್ರೆ ಬಿಡು, ಮಡಿಸೋಕ್ಕಾದ್ರೂ ಬರುತ್ತಾ ನೋಡೋಣ," ಅಂದಿದ್ದಳು. ಅವಳಿಗೂ ನನಗೂ ಮೂರೇ ವರ್ಷದ ಅಂತರ, ಆದ್ದರಿಂದ ನಮ್ಮಲ್ಲಿ ಬಹುವಚನವೆಲ್ಲ ಇಲ್ಲ. ನಾನು ಮದುವೆಯಾಗಿ ಎರಡು ಬೀದಿ ಆಚೆಗೆ ಹೋದೆ. ಆದರೂ ಬೆಳಗ್ಗೆ ಒಂಬತ್ತಕ್ಕೆ ಅಂಗಡಿಯಲ್ಲಿ ಹಾಜರು.

ಪುಸ್ತಕ ಕಟ್ಟಿಸಲು ಬರುವವರು ಪುಸ್ತಕ ಕೊಟ್ಟು ಸುಮ್ಮನೆ ಹೋಗುವುದಿಲ್ಲ. ಅದು ಯಾಕೆ ಹರಿಯಿತು, ಯಾಕೆ ಬಿಸಾಡಲು ಮನಸ್ಸು ಬರಲಿಲ್ಲ, ಎಲ್ಲವನ್ನೂ ಹೇಳಿಯೇ ಹೋಗುತ್ತಾರೆ. ಒಬ್ಬ ದಾದಿ ತಾನು ಹೆರಿಗೆ ಮಾಡಿಸಿದ ಅಷ್ಟೂ ಮಕ್ಕಳ ತೂಕ ಬರೆದಿಟ್ಟ ನೋಟ್‌ಬುಕ್ಕುಗಳನ್ನು ತಂದಿದ್ದಳು. ಒಬ್ಬ ಲಾರಿ ಡ್ರೈವರ್ ತಂದ ರಸ್ತೆ ನಕ್ಷೆಯ ಪುಸ್ತಕದಲ್ಲಿ ಒಂದೇ ಒಂದು ಪುಟ ಸವೆದು ಜಾಲರಿಯಾಗಿತ್ತು, ಅದು ಅವನ ಮನೆಯ ದಾರಿ ಇರುವ ಪುಟ. ಒಬ್ಬರು ಲೆಕ್ಕದ ಮೇಷ್ಟ್ರು ಮಕ್ಕಳು ಬರೆದ ತಪ್ಪು ಉತ್ತರಗಳನ್ನೆಲ್ಲ ಒಟ್ಟು ಮಾಡಿ ತಂದು, "ಸರಿ ಉತ್ತರ ಎಲ್ಲಾ ಪುಸ್ತಕದಲ್ಲೂ ಸಿಗುತ್ತಮ್ಮ, ಇವು ಎಲ್ಲಿ ಸಿಗ್ತವೆ," ಅಂದಿದ್ದರು. ಅತ್ತಿಗೆ ಇವನ್ನೆಲ್ಲ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಾಗ ಹೇಳುತ್ತಿದ್ದಳು. ಅಣ್ಣ ತುತ್ತು ಕೈಯಲ್ಲೇ ಹಿಡಿದುಕೊಂಡು ಕೇಳುತ್ತಿದ್ದ. ಹೇಳಿ ಮುಗಿಸಿ ಪ್ರತಿ ಸಲವೂ ಅವಳು ಅನ್ನುತ್ತಿದ್ದದ್ದು ಒಂದೇ ಮಾತು, "ಇದನ್ನೆಲ್ಲ ಬರೀಬೇಕು ನಾನು."

ಒಂದು ದಿನ ಅಜ್ಜ ಅದನ್ನು ಕೇಳಿಸಿಕೊಂಡರು. "ನೀನು ಬರಿಯಮ್ಮ, ನಾನು ಹೊಲೀತೀನಿ. ನನ್ನ ಕೊನೇ ಪುಸ್ತಕ ಅದೇ ಆಗ್ಲಿ," ಅಂದರು. ಅಜ್ಜನ ಬಾಯಿಂದ ಹೊಗಳಿಕೆ ಕೇಳಿದವರು ಬೀದಿಯಲ್ಲಿ ಯಾರೂ ಇಲ್ಲ. ಅಂಥವರು ತಾವಾಗಿಯೇ ಹೀಗೆ ಹೇಳಿದರೆಂದ ಮೇಲೆ ಅತ್ತಿಗೆಗೆ ಆ ಇಡೀ ದಿನ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಅವಳು ಮಾಡಿದ ತಪ್ಪು ನೋಡಿ. ಬೈಂಡಿಂಗ್ ಮಾಡುವವಳು ಬಿಟ್ಟರೆ ಬೇರೆ ಯಾರೂ ಆ ತಪ್ಪು ಮಾಡಲಾರರು. ಬರೆಯಬೇಕು ಅಂದವಳು ಮೊದಲು ಪುಸ್ತಕ ಕಟ್ಟಿದಳು.

ಒಂದು ದೊಡ್ಡ ಹಾಳೆಯನ್ನು ಮೂರು ಸಲ ಮಡಿಸಿದರೆ ಹದಿನಾರು ಪುಟವಾಗುತ್ತದೆ, ಅದಕ್ಕೆ ನಾವು ಫಾರಂ ಎನ್ನುತ್ತೇವೆ. ಅಂಗಡಿಯಲ್ಲಿದ್ದ ಅತ್ಯುತ್ತಮ ಕಾಗದದಲ್ಲಿ ಅಂಥ ಹತ್ತು ಫಾರಂ ಮಡಿಸಿದಳು. ಅಜ್ಜ ನಕ್ಕು, "ಇರ್ಲಿ, ಅಭ್ಯಾಸಕ್ಕೆ ನೀನೇ ಹೊಲಿ, ಬರೆದ್ಮೇಲೆ ಮತ್ತೆ ಬಿಚ್ಚಿ ನಾನು ಹೊಲೀತೀನಿ," ಅಂದರು. ಕಡು ನೀಲಿ ಬಟ್ಟೆಯ ರಟ್ಟು, ಹೊಲಿಗೆಯನ್ನು ಮುಚ್ಚುವ ಬೆನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರದಲ್ಲಿ 'ಹೊಲಿಗೆಗೆ ಬಂದವರು' ಎಂಬ ಹೆಸರು. ಒಳಗೆ ನೂರ ಅರವತ್ತು ಪುಟ, ಒಂದು ಚುಕ್ಕೆಯೂ ಇಲ್ಲ. ಅಷ್ಟು ಚಂದದ ಪುಸ್ತಕ ನಮ್ಮ ಅಂಗಡಿಯಿಂದ ಹಿಂದೆಂದೂ ಹೊರಬಿದ್ದಿರಲಿಲ್ಲ. ನೋಡಿದವರೆಲ್ಲ ಮುಟ್ಟಿ ಮುಟ್ಟಿ ಹೊಗಳಿದರು, ಔಷಧದಂಗಡಿಯವರಂತೂ "ಬರೆದು ಮುಗೀತಾ ಆಗ್ಲೇ?" ಎಂದು ಕೇಳಿಯೂ ಬಿಟ್ಟರು. ಅತ್ತಿಗೆ ನಾಚಿಕೊಂಡು, "ಇನ್ನೇನು, ಶುರು ಮಾಡ್ಬೇಕು," ಅಂದಳು.

ಆ ಶುರು ಮೂರು ವರ್ಷ ಆಗಲಿಲ್ಲ.

ಪೆನ್ನು ತೆಗೆದುಕೊಂಡು ಕೂರುತ್ತಿದ್ದಳು. ಮೊದಲ ಪುಟ ಸವರುತ್ತಿದ್ದಳು. ಇಂಥ ಪುಟದ ಮೇಲೆ ಒಂದು ಸಾಲು ತಪ್ಪು ಬಿದ್ದರೆ ಹೊಡೆದು ಹಾಕುವುದು ಹೇಗೆ? ಮೊದಲು ಸಾಲನ್ನು ಮನಸ್ಸಿನಲ್ಲೇ ಸರಿ ಮಾಡಿಕೊಳ್ಳೋಣ ಎಂದು ಕಣ್ಣು ಮುಚ್ಚುತ್ತಿದ್ದಳು. ಅಷ್ಟರಲ್ಲಿ ಫೋನು. "ನಮ್ಮ ರಿಜಿಸ್ಟರು ಆಯ್ತಾ?" ಫೋನಿಟ್ಟರೆ ಅಮ್ಮ ಮನೆಯಿಂದ ಕೂಗುತ್ತಿದ್ದಳು, "ಸೊಸೆಮುದ್ದು, ನನ್ನ ಕನ್ನಡಕ ಎಲ್ಲಿಟ್ಟೆ ನೋಡೇ." ಕನ್ನಡಕ ಸಿಕ್ಕಿದರೆ ಚಪ್ಪಲಿ ಅಂಗಡಿಯಾಕೆ ಐದು ನಿಮಿಷ ಅಂತ ಬಂದು ಮುಕ್ಕಾಲು ಗಂಟೆ ಕೂತು ತನ್ನ ವಾರಗಿತ್ತಿಯ ಪುರಾಣ ಬಿಚ್ಚುತ್ತಿದ್ದಳು. ಅವಳು ಎದ್ದು ಹೋದ ಮೇಲೆ ಅತ್ತಿಗೆ ಸುಸ್ತಾಗಿ ಫೋನು ತೆಗೆದು, ಯಾರೋ ಯಾರದೋ ಮನೆಯ ಬೆಕ್ಕಿನ ವಿಡಿಯೋ ಕಳಿಸಿದ್ದನ್ನು ನೋಡುತ್ತಾ ಕೂರುತ್ತಿದ್ದಳು.

ಇದೆಲ್ಲ ಹೇಳುವಾಗ ಒಂದನ್ನು ಮುಚ್ಚಿಟ್ಟರೆ ನನ್ನ ಬಾಯಲ್ಲಿ ಹುಳ ಬೀಳುತ್ತದೆ. ಅವಳಿಗೆ ಬಂದ ಹತ್ತು ಅಡ್ಡಿಗಳಲ್ಲಿ ನಾಲ್ಕು ನಾನೇ. "ಅತ್ತಿಗೇ, ಕೇಳಿಲ್ಲಿ" ಅನ್ನದೆ ನನಗೆ ಒಂದು ಫಾರಂ ಮಡಿಸಲೂ ಆಗುವುದಿಲ್ಲ. ನನ್ನ ಗಂಡ ಏನಂದ, ನನ್ನ ಮಗಳು ಯಾವ ತಟ್ಟೆ ಒಡೆದಳು, ಬಸ್ಸಿನಲ್ಲಿ ಯಾರು ಯಾರಿಗೆ ಬೈದರು, ಎಲ್ಲ ಅವಳ ಕಿವಿಗೇ ಹೋಗಬೇಕು. ಅವಳು ಪೆನ್ನಿನ ಮುಚ್ಚಳ ಹಾಕಿ, "ಹೂಂ, ಹೇಳು," ಅನ್ನುತ್ತಿದ್ದಳು. ಒಂದು ದಿನವೂ ಸುಮ್ಮನಿರೇ ಅನ್ನಲಿಲ್ಲ. ಅನ್ನಬೇಕಿತ್ತು ಮಹರಾಯಿತಿ.

ಈ ನಡುವೆ ಅಜ್ಜನ ಕೈ ನಡುಗತೊಡಗಿತು. ಮೊದಲು ಲೋಟ ಹಿಡಿದಾಗ, ಆಮೇಲೆ ಸೂಜಿ ಹಿಡಿದಾಗ. ಡಾಕ್ಟರು ಪರೀಕ್ಷೆ ಮಾಡಿ, ಇದು ನಿಲ್ಲುವ ನಡುಕವಲ್ಲ, ಮಾತ್ರೆಯಿಂದ ಸ್ವಲ್ಪ ದಿನ ತಡೆದು ಹಿಡಿಯಬಹುದು, ಬೆಳಗಿನ ಹೊತ್ತು ಕೈ ಸ್ವಲ್ಪ ಮಾತು ಕೇಳೀತು ಅಂದರು. ವಾಪಸು ಬರುವಾಗ ಅತ್ತಿಗೆ ಅಜ್ಜನ ಕೈ ಹಿಡಿದುಕೊಂಡೇ ನಡೆದಳು. ನಾಳೆಯಿಂದ ಬರೆಯುತ್ತೇನೆ ಎಂದಳು. ಆ ನಾಳೆಯ ಬೆಳಗ್ಗೆಯೇ ಆಸ್ಪತ್ರೆಯವರ ನಲವತ್ತು ರಿಜಿಸ್ಟರು ಬಂದು ಬಿದ್ದವು.

ಆ ರಿಜಿಸ್ಟರುಗಳಲ್ಲಿ ಒಂದನ್ನು ಅಜ್ಜ ತಾವೇ ಹೊಲಿಯುತ್ತೇನೆ ಎಂದು ಹಟ ಹಿಡಿದು ಕೂತರು. ಕಾಲು ಗಂಟೆಯಾದರೂ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ. ಹೇಗೋ ಪೋಣಿಸಿ ಚುಚ್ಚಿದರೆ ಸೂಜಿ ಕಾಗದ ಬಿಟ್ಟು ಬೆರಳಿಗೆ ನಾಟಿತು. ಬಿಳಿ ಹಾಳೆಯ ಮೇಲೆ ಒಂದು ಕೆಂಪು ಬೊಟ್ಟು. ಅಜ್ಜ ಅದನ್ನೇ ನೋಡುತ್ತಾ ಕೂತರು. ಆಮೇಲೆ ಎದ್ದು ತಮ್ಮ ಸೂಜಿಡಬ್ಬಿಯನ್ನು ತಂದು ಅತ್ತಿಗೆಯ ಮೇಜಿನ ಮೇಲಿಟ್ಟರು. "ಇನ್ನು ಇದು ನಿನ್ಹತ್ರಾನೇ ಇರ್ಲಿ ಮಗಳೇ. ನಿಂದೊಂದು ಪುಸ್ತಕ ಬಾಕಿ ಉಳೀತು ನೋಡು," ಎಂದು ಹೇಳಿ ಒಳಗೆ ಹೋದರು. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅದೇ ನಮ್ಮನ್ನು ಸಾಯಿಸಿತು.

ಅತ್ತಿಗೆ ನೀಲಿ ಪುಸ್ತಕ ಎಳೆದುಕೊಂಡು ತೆರೆದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಪುಟದ ಮೇಲೆ ಬೀಳದ ಹಾಗೆ ಸೆರಗು ಹಿಡಿದುಕೊಂಡಿದ್ದಳು. ನನಗೆ ಮೈ ಉರಿದು ಹೋಯಿತು. ಅಳುವಾಗಲೂ ಆ ಪುಟ ಕಾಪಾಡುತ್ತಿದ್ದಾಳಲ್ಲ. ಅಷ್ಟರಲ್ಲಿ ಫೋನು ಬಡಿದುಕೊಂಡಿತು, ಅವಳ ಕೈ ತಾನಾಗಿಯೇ ಅದರ ಕಡೆ ಹೋಯಿತು. ನನಗೆ ಏನನ್ನಿಸಿತೋ ಈಗ ಸರಿಯಾಗಿ ಹೇಳಲಾರೆ. ರಟ್ಟು ಕತ್ತರಿಸುವ ಚಾಕು ನನ್ನ ಕೈಯಲ್ಲಿತ್ತು. ಪುಸ್ತಕ ಕಿತ್ತುಕೊಂಡೆ, ರಟ್ಟಿನ ಸಂದಿಗೆ ಚಾಕು ಹಾಕಿ ಎಳೆದೆ, ಒಳಗಿನ ದಾರಗಳನ್ನು ಒಂದೊಂದಾಗಿ ಕೊಯ್ದೆ. ಹತ್ತು ಫಾರಮ್ಮುಗಳು ಬಿಡಿಬಿಡಿಯಾಗಿ ಮೇಜಿನ ಮೇಲೆ ಬಿದ್ದವು.

ಅತ್ತಿಗೆ ಎದ್ದು ಮನೆಗೆ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಕೆಲಸದ ನಡುವೆ ಅವಳು ಎದ್ದು ಹೋದದ್ದು ಅದೇ ಮೊದಲು. ನಾನು ಕೈಯಲ್ಲಿ ಚಾಕು ಹಿಡಿದುಕೊಂಡು ಪೆದ್ದಿಯ ಹಾಗೆ ನಿಂತಿದ್ದೆ. ಅಜ್ಜ ಒಳಗಿನಿಂದ ಬಂದು, ಮೇಜಿನ ಮೇಲಿದ್ದದ್ದನ್ನು ನೋಡಿ, ಒಂದು ಫಾರಂ ಕೈಗೆತ್ತಿಕೊಂಡು ಬೆನ್ನಿಗಂಟಿದ್ದ ಅಂಟನ್ನು ಉಗುರಿನಿಂದ ಕೆರೆದರು. "ನೀಟಾಗೇ ಕೊಯ್ದಿದೀಯ," ಅಂದರು. ಅವರು ನನ್ನನ್ನು ಹೊಗಳಿದ್ದೂ ಅದೇ ಮೊದಲು. ನಾನು ಕೂತು ಅತ್ತೆ. ಅತ್ತು ಮುಗಿಸಿ ಒಂದು ಕೆಲಸದ ಚೀಟಿ ಬರೆದೆ.

ಆ ಚೀಟಿಯ ವಿಷಯ ಹೇಳಬೇಕು. ನಮ್ಮಲ್ಲಿ ಯಾವ ಕೆಲಸ ಬಂದರೂ ಒಂದು ಲಕೋಟೆಯಲ್ಲಿ ಹಾಕಿ ಮೇಲೆ ಚೀಟಿ ಅಂಟಿಸುತ್ತೇವೆ. ಕೊಟ್ಟವರು ಯಾರು, ಏನು ಕೆಲಸ, ಯಾವ ದಿನ ಬೇಕು. ಆ ದಿನವನ್ನು ಅತ್ತಿಗೆ ಒಮ್ಮೆಯೂ ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ಕಂಬಳಿ ಹೊದ್ದುಕೊಂಡು ಹೊಲಿದು ಕೊಟ್ಟಿದ್ದಾಳೆ. ಊರಿನವರ ಕೆಲಸಕ್ಕೆಲ್ಲ ಚೀಟಿ ಇತ್ತು, ಅವಳ ಕೆಲಸಕ್ಕೆ ಮಾತ್ರ ಇರಲಿಲ್ಲ. ನಾನು ಬರೆದೆ: ಕೊಟ್ಟವರು, ಅಂಟಿನಜ್ಜ. ಕೆಲಸ, ಒಂದು ಫಾರಂ ಬರವಣಿಗೆ. ಬೇಕಾದ ದಿನ, ಮುಂದಿನ ಶನಿವಾರ. ಒಂದೇ ಒಂದು ಫಾರಮ್ಮನ್ನು ಲಕೋಟೆಗೆ ಹಾಕಿ, ಉಳಿದ ಒಂಬತ್ತನ್ನು ಅಜ್ಜನ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ.

ಮಾರನೆಯ ಬೆಳಗ್ಗೆ ಅತ್ತಿಗೆ ಬಂದಳು, ಮುಖ ಬಿಗಿದುಕೊಂಡೇ. ದಿನದ ಲಕೋಟೆಗಳನ್ನು ಒಂದೊಂದಾಗಿ ನೋಡುತ್ತಾ ಇದರ ಮೇಲೆ ನಿಂತಳು. ಚೀಟಿಯನ್ನು ಎರಡು ಸಲ ಓದಿದಳು.

"ಇದೇನೇ ಇದು?"

"ಗಿರಾಕಿ ಕೆಲಸ," ಅಂದೆ. "ಹದಿನಾರು ಪುಟ. ತಪ್ಪಾದ್ರೆ ಕೊಡು, ಬೇರೆ ಹಾಳೆ ಮಡಿಸಿ ಕೊಡ್ತೀನಿ. ನಮ್ಮಲ್ಲಿ ಕಾಗದಕ್ಕೇನು ಬರವಾ?"

"ಪುಸ್ತಕ ಹಾಳು ಮಾಡಿದ್ಯಲ್ಲೇ."

"ಅದು ಪುಸ್ತಕ ಆಗಿದ್ರೆ ತಾನೇ ಹಾಳಾಗೋಕ್ಕೆ."

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಒಳಗೆ ಇಣುಕಿದಳು. ಅಜ್ಜ ಗಿರಾಕಿಯ ಹಾಗೆ ಸ್ಟೂಲಿನ ಮೇಲೆ ಕೂತು, "ಶನಿವಾರ ಸಿಗುತ್ತೇನಮ್ಮ?" ಎಂದು ಗಂಭೀರವಾಗಿ ಕೇಳಿದರು. ಅತ್ತಿಗೆಯ ಬಾಯಿಂದ ಇಪ್ಪತ್ತೆರಡು ವರ್ಷದ ಅಭ್ಯಾಸದ ಉತ್ತರ ತಾನಾಗಿಯೇ ಬಂತು, "ಸಿಗುತ್ತೆ, ಬನ್ನಿ."

ಹೊತ್ತು ಯಾವುದು ಎಂಬುದನ್ನು ಹುಡುಕಬೇಕಾಗಲೇ ಇಲ್ಲ, ಅದು ಮೊದಲಿಂದಲೂ ನಮ್ಮ ಕಣ್ಣ ಮುಂದೆಯೇ ಇತ್ತು. ಬೆಳಗ್ಗೆ ಅಂಟು ಹಚ್ಚಿದ ಪುಸ್ತಕಗಳನ್ನು ಹತ್ತು ಗಂಟೆಗೆ ಪ್ರೆಸ್ಸಿಗೆ ಹಾಕಿ ಚಕ್ರ ಬಿಗಿದರೆ ಹನ್ನೊಂದೂವರೆಯವರೆಗೆ ಮುಟ್ಟುವ ಹಾಗಿಲ್ಲ. ಆ ಒಂದೂವರೆ ಗಂಟೆ ಅತ್ತಿಗೆಯ ಕೈ ಖಾಲಿ. ಇಷ್ಟು ವರ್ಷ ಅದನ್ನು ಫೋನು, ವಾರಗಿತ್ತಿ, ಬೆಕ್ಕು ಮತ್ತು ನಾನು ಪಾಲು ಮಾಡಿಕೊಂಡು ತಿಂದಿದ್ದೆವು. ಇನ್ನು ಮೇಲೆ ಚಕ್ರ ಬಿಗಿದ ತಕ್ಷಣ ಫೋನು ನನ್ನ ಮೇಜಿನ ಡ್ರಾಯರಿಗೆ, ಅತ್ತಿಗೆಯ ಮುಖ ಗೋಡೆಯ ಕಡೆಗೆ. ಯಾರು ಬಂದರೂ ಬಾಗಿಲಲ್ಲೇ ನನ್ನ ಒಂದೇ ಉತ್ತರ, "ಅಂಟು ಒಣಗ್ತಾ ಇದೆ, ಆಮೇಲೆ ಬನ್ನಿ."

ಜನಕ್ಕೆ ಅದು ಅರ್ಥವಾಯಿತು. ಬರೆಯುತ್ತಿದ್ದಾಳೆ ಅಂದಿದ್ದರೆ ಒಂದೇ ನಿಮಿಷ ಅಂತ ಒಳಗೆ ನುಗ್ಗುತ್ತಿದ್ದರು. ಅಂಟು ಅಂದರೆ ಎಲ್ಲರಿಗೂ ಗೌರವ. ಚಪ್ಪಲಿ ಅಂಗಡಿಯಾಕೆ ಮೂರು ದಿನ ಮುಖ ಸೊಟ್ಟ ಮಾಡಿಕೊಂಡು ಹೋದಳು, ನಾಲ್ಕನೇ ದಿನ ತನ್ನ ವಾರಗಿತ್ತಿಯ ಪುರಾಣವನ್ನು ಹನ್ನೊಂದೂವರೆಯ ಮೇಲೆ ನನ್ನ ಮೇಜಿಗೇ ತಂದಳು. ಅಮ್ಮ ಎರಡು ವಾರವಾದ ಮೇಲೆ ಅನುಮಾನದಿಂದ, "ಅದೇನೇ ನಿಮ್ಮ ಅಂಟು, ದಿನಾ ಹತ್ತು ಗಂಟೆಗೇ ಒಣಗೋದು?" ಎಂದು ಕೇಳಿದಳು. ಗುಟ್ಟು ಹೇಳಿದೆ. ಅಂದಿನಿಂದ ತನ್ನ ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಳು. ಸೊಸೆಯನ್ನು ಕೂಗುವುದು ಬಿಟ್ಟಳು. ಯಾರು ಯಾರಿಂದ ಏನು ನಿರೀಕ್ಷೆ ಮಾಡಬಹುದು ಅನ್ನುವುದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ನನ್ನ ಪಾಡು ಬೇರೆ. ಒಂದೂವರೆ ಗಂಟೆ ಬಾಯಿ ಮುಚ್ಚಿಕೊಂಡಿರುವುದೆಂದರೆ ನನಗೆ ಉಸಿರು ಕಟ್ಟಿದ ಹಾಗೆ. ಹೇಳಬೇಕಾದದ್ದನ್ನೆಲ್ಲ ಒಂದು ಹಾಳೆಯ ಮೇಲೆ ಗೀಚಿಡುತ್ತಿದ್ದೆ, ಹನ್ನೊಂದೂವರೆಗೆ ಒಟ್ಟಿಗೆ ಹೇಳೋಣ ಅಂತ. ಆ ಹೊತ್ತಿಗೆ ಅದರಲ್ಲಿ ಅರ್ಧ ಹೇಳುವಂಥದ್ದೇ ಅಲ್ಲ ಅನ್ನಿಸುತ್ತಿತ್ತು. ಇದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಮೊದಲ ಶನಿವಾರ ಹದಿನಾರರಲ್ಲಿ ಹನ್ನೊಂದು ಪುಟ ತುಂಬಿತ್ತು. ಹೊಡೆದು ಹಾಕಿದ್ದು, ಮೇಲೆ ಬರೆದದ್ದು, ಬಾಣದ ಗುರುತು, ಎಲ್ಲ ಇತ್ತು. ದಾದಿಯ ನೋಟ್‌ಬುಕ್ಕಿನ ಕಥೆ. ಅತ್ತಿಗೆ ತಲೆ ತಗ್ಗಿಸಿ, "ಇನ್ನೆರಡು ದಿನ ಬೇಕು," ಎಂದು ಅಜ್ಜನಿಗೆ ಹೇಳಿದಳು. ಅಜ್ಜ, "ಆಗ್ಲಿ, ಅಷ್ಟರವರೆಗೆ ಆದದ್ದನ್ನ ಓದು," ಅಂದರು. ಅವಳು ಓದಿದಳು. ಕಾಗದ ಮಡಿಸುತ್ತಿದ್ದ ನನ್ನ ಕೈ ನಿಂತಿತು. ಇಷ್ಟು ವರ್ಷ ಊಟದ ಹೊತ್ತಿನಲ್ಲಿ ಕೇಳಿದ್ದೇ ಅದು, ಆದರೂ ಆ ದಾದಿ ಎಲ್ಲಕ್ಕಿಂತ ಕಡಿಮೆ ತೂಕದ ಮಗುವಿನ ಸಂಖ್ಯೆಯ ಕೆಳಗೆ ಯಾಕೆ ಗೆರೆ ಎಳೆದಿದ್ದಳು ಅನ್ನುವುದು ನನಗೆ ಆವತ್ತೇ ತಿಳಿದದ್ದು. ಅದು ಆ ದಾದಿಯದೇ ಮಗು. ಅಜ್ಜ ಸೂಜಿಡಬ್ಬಿಯನ್ನು ಅತ್ತಿಗೆಯ ಮೇಜಿನಿಂದ ವಾಪಸು ತೆಗೆದುಕೊಂಡು ಹೋದರು.

ಮಾರನೆಯ ದಿನದಿಂದ ಅವರೂ ಹತ್ತು ಗಂಟೆಗೆ ಬಂದು ಅತ್ತಿಗೆಯ ಮೇಜಿನ ಇನ್ನೊಂದು ಬದಿಗೆ ಕೂರತೊಡಗಿದರು. ರದ್ದಿ ಕಾಗದ ಮಡಿಸಿಕೊಂಡು ಹೊಲಿಯುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ಕೈ ಮರೆಯಬಾರದು ಅಂತ. ದಿನಕ್ಕೆ ಮೂರು ಸಲ, ನಾಲ್ಕು ಸಲ ಸೂಜಿ ಚುಚ್ಚಿಕೊಳ್ಳುತ್ತಿದ್ದರು, ಬೆರಳು ಒರೆಸಿಕೊಂಡು ಮತ್ತೆ ಹೊಲಿಯುತ್ತಿದ್ದರು. ಈ ಕಡೆ ಪೆನ್ನಿನ ಸದ್ದು, ಆ ಕಡೆ ದಾರ ಎಳೆಯುವ ಸದ್ದು. ಬಾಗಿಲ ಹತ್ತಿರ ನಾನು, ಬಾಯಿಗೆ ಬೀಗ ಹಾಕಿಕೊಂಡು.

ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ನಾಲ್ಕನೇ ಫಾರಂ ನಡೆಯುತ್ತಿದ್ದಾಗ ಕಾಲೇಜಿನವರ ಪ್ರಾಜೆಕ್ಟ್ ವರದಿಗಳ ಕಾಲ ಬಂತು. ಬಾಗಿಲಿನಿಂದ ಚಪ್ಪಲಿ ಅಂಗಡಿಯವರೆಗೆ ಸಾಲು. ಅಂಟು ಒಣಗುತ್ತಿದೆ ಅಂದರೆ, "ಒಣಗ್ದಿದ್ರೂ ಪರವಾಗಿಲ್ಲ, ಹಾಗೇ ಕೊಡಿ," ಅನ್ನುವ ಮಕ್ಕಳು. ಮೂರು ವಾರ ಲಕೋಟೆ ತೆರೆಯಲಿಲ್ಲ. ಗಲಾಟೆ ಮುಗಿದ ಮೇಲೂ ಅತ್ತಿಗೆ ಅದರ ಕಡೆ ಹೋಗಲಿಲ್ಲ. ಹತ್ತು ಗಂಟೆಗೆ ಸುಮ್ಮನೆ ಕಪಾಟು ಒರೆಸಿದಳು. ಫೋನನ್ನು ತಾನೇ ನನ್ನ ಡ್ರಾಯರಿನಿಂದ ತೆಗೆದುಕೊಂಡಳು. "ತಪ್ಪಿಹೋಯ್ತು ಕಣೇ. ಮೂರು ಶನಿವಾರ ಹೋಯ್ತು. ಇನ್ನೆಲ್ಲಿ ಆಗುತ್ತೆ, ಅಜ್ಜನ ಕೈ ನೋಡಿದ್ಯಾ," ಅಂದಳು. ಅಜ್ಜನ ಕೈ ನಾನೂ ನೋಡಿದ್ದೆ. ಆ ವಾರ ಲೋಟಕ್ಕೆ ಅರ್ಧದಷ್ಟೇ ನೀರು ಹಾಕಿ ಕೊಡಬೇಕಾಗಿತ್ತು.

ನನಗೆ ಮತ್ತೆ ಕೋಪ ಬಂದಿತ್ತು, ಆದರೆ ಈ ಸಲ ಸೀಳಲು ಏನೂ ಉಳಿದಿರಲಿಲ್ಲ. ಮಾತಾಡಿದ್ದು ಅಜ್ಜ. ಸ್ಟೂಲು ಎಳೆದುಕೊಂಡು ಕೂತು ಕೇಳಿದರು, "ಗಿರಾಕಿ ಕೆಲಸ ತಡ ಆದ್ರೆ ಏನ್ಮಾಡ್ತೀಯಮ್ಮ ನೀನು?"

"ತಡ ಮಾಡಿಲ್ಲ ನಾನು ಯಾವತ್ತೂ."

"ನಾನು ಮಾಡಿದೀನಿ. ನೂರು ಸಲ. ಚೀಟಿ ಮೇಲಿನ ತಾರೀಕು ಹೊಡೆದು ಹಾಕಿ ಹೊಸ ತಾರೀಕು ಬರೀತಿದ್ದೆ. ಅಷ್ಟೇ. ಹೋದ ಶನಿವಾರದ್ದನ್ನ ಈ ಶನಿವಾರಕ್ಕೆ ಸೇರಿಸಿ ಹೊರಬಾರ್ದು. ಬೆನ್ನು ಮುರಿಯುತ್ತೆ." ನಡುಗುವ ಕೈಯಿಂದ ತಾವೇ ಹಳೇ ತಾರೀಕಿನ ಮೇಲೆ ಗೆರೆ ಎಳೆದರು. ಗೆರೆ ಹಾವಿನ ಹಾಗೆ ಹೋಯಿತು. "ಹೊಸದನ್ನ ನೀನೇ ಬರಿ, ನನ್ನ ಅಕ್ಷರ ಯಾರಿಗೂ ಅರ್ಥ ಆಗಲ್ಲ."

ಅತ್ತಿಗೆ ಬರೆದಳು. ಫೋನನ್ನು ವಾಪಸು ನನ್ನ ಡ್ರಾಯರಿಗೆ ಹಾಕಿದಳು. ಆಮೇಲೂ ಅವಳು ಎರಡು ಸಲ ಹಾದಿ ತಪ್ಪಿದಳು, ಅಮ್ಮನಿಗೆ ಕಾಲು ಉಳುಕಿದಾಗ ಒಮ್ಮೆ, ಯಾವ ಕಾರಣವೂ ಇಲ್ಲದೆ ಒಮ್ಮೆ. ಎರಡು ಸಲವೂ ತಾರೀಕಿನ ಮೇಲೆ ಗೆರೆ ಎಳೆದು ಹೊಸ ತಾರೀಕು ಬರೆದು ಕೂತಳು. ಹತ್ತನೇ ಫಾರಂ ಮುಗಿಯುವ ಹೊತ್ತಿಗೆ ಏಳು ತಿಂಗಳಾಗಿತ್ತು. ಕೊನೆಯ ಸಾಲು ಬರೆದು ಪೆನ್ನಿನ ಮುಚ್ಚಳ ಹಾಕಿದಾಗ ಹನ್ನೊಂದು ಇಪ್ಪತ್ತು. ಇನ್ನೂ ಹತ್ತು ನಿಮಿಷ ಇತ್ತು. ಆ ಹತ್ತು ನಿಮಿಷ ಅವಳು ಗೋಡೆ ನೋಡುತ್ತಾ ಕೂತಳು.

ಹೊಲಿಗೆ ಸೋಮವಾರ ಬೆಳಗ್ಗೆ ಶುರುವಾಯಿತು. ಅತ್ತಿಗೆ ದಾರಕ್ಕೆ ಮೇಣ ಹಚ್ಚಿ, ಹತ್ತು ಸೂಜಿಗಳಿಗೆ ಮೊದಲೇ ಪೋಣಿಸಿ ಸಾಲಾಗಿ ಇಟ್ಟಳು. ಅಜ್ಜ ಮಾತ್ರೆ ನುಂಗಿ, ಕೈ ಬೆಚ್ಚಗಿನ ನೀರಿನಲ್ಲಿ ಅದ್ದಿ ಒರೆಸಿಕೊಂಡು ಬಂದರು. ದಿನಕ್ಕೆ ಎರಡು ಫಾರಂ. ಮೊದಲ ದಿನ ಹೊಲಿಗೆ ನೆಟ್ಟಗೆ ಬಂತು. ಎರಡನೆಯ ದಿನವೂ ಪರವಾಗಿಲ್ಲ. ಮೂರನೆಯ ದಿನದಿಂದ ಹೊಲಿಗೆ ಆ ಕಡೆ ಈ ಕಡೆ ವಾಲತೊಡಗಿತು. ನಾಲ್ಕನೆಯ ದಿನ ಕೈ ಮಾತೇ ಕೇಳಲಿಲ್ಲ. ಸೂಜಿ ತೂತಿನ ಸುತ್ತ ಸುತ್ತುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಅತ್ತಿಗೆಗೆ ಅದೊಂದು ಅರ್ಧ ಗಂಟೆಯ ಕೆಲಸ. ಕಣ್ಣು ಮುಚ್ಚಿಕೊಂಡು ಹೊಲಿದು ಬಿಸಾಡುತ್ತಾಳೆ. ನಾನು ನೋಡಿದೆ, ಅವಳು ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತಿದ್ದಳು. ಅಜ್ಜ ಸೂಜಿ ಕೆಳಗಿಟ್ಟು, "ಇವತ್ತು ಆಗಲ್ಲ. ನಾಳೆ ತಾರೀಕು ಬರಿ," ಅಂದರು. ಅವಳು ಚೀಟಿಯ ಮೇಲೆ ಗೆರೆ ಎಳೆದು ನಾಳೆಯ ತಾರೀಕು ಬರೆದಳು.

ಹಾಗೆ ಎಂಟು ಬೆಳಗು ಹಿಡಿಯಿತು. ಎಂಟನೆಯ ಬೆಳಗ್ಗೆ ಕೊನೆಯ ಫಾರಂ ಆಯಿತು. ಉಳಿದದ್ದು ಕೊನೆಯ ಗಂಟು. ಅಜ್ಜ ದಾರವನ್ನು ಒಂದು ಸುತ್ತು ಸುತ್ತಿದರು, ಬಿಗಿಯುವಷ್ಟರಲ್ಲಿ ಅದು ಜಾರಿತು. ಮತ್ತೆ ಸುತ್ತಿದರು, ಮತ್ತೆ ಜಾರಿತು. ಆಗ ತಲೆ ಎತ್ತಿ, "ಒಂದು ಬೆರಳು ಇಡು ಮಗಳೇ," ಅಂದರು.

ಅತ್ತಿಗೆ ತೊಡೆಯ ಕೆಳಗಿನಿಂದ ಕೈ ತೆಗೆದು ಗಂಟಿನ ಮೇಲೆ ಬೆರಳಿಟ್ಟಳು. ಅಜ್ಜ ದಾರ ಎಳೆದರು. ಗಂಟು ಅವಳ ಬೆರಳನ್ನೂ ಒಂದು ಕ್ಷಣ ಹಿಡಿದು ಬಿಟ್ಟಿತು. ಅಜ್ಜ ಹಲ್ಲಿನಿಂದ ದಾರ ಕಡಿದು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಸೊಟ್ಟಗಿದೆ," ಅಂದರು.

"ಹೌದಜ್ಜ, ಸೊಟ್ಟಗಿದೆ," ಅಂದಳು ಅತ್ತಿಗೆ. ಅವಳು ಅಳುತ್ತಿದ್ದಳು, ಸೆರಗು ಹಿಡಿದುಕೊಳ್ಳುವುದನ್ನು ಮರೆತಿದ್ದಳು. ಒಂದು ಹನಿ ಮೊದಲ ಪುಟದ ಮೇಲೆ ಬಿತ್ತು. ಅದರ ಗುರುತು ಈಗಲೂ ಇದೆ.

ಇನ್ನು ಬೆನ್ನು ಅಂಟಿಸಿ ರಟ್ಟು ಹಾಕುವುದು ಬಾಕಿ. ಬಂಗಾರದ ಬಣ್ಣದ ಅಕ್ಷರವಿದ್ದ ಆ ನೀಲಿ ಬೆನ್ನುಪಟ್ಟಿಯನ್ನು ನಾನು ಏಳು ತಿಂಗಳಿಂದ ಜೋಪಾನವಾಗಿ ಇಟ್ಟಿದ್ದೆ, ಸೀಳಿದ ಪಾಪಕ್ಕೆ. ತಂದು ಅವಳ ಮುಂದಿಟ್ಟೆ. ಅವಳು ಅದನ್ನು ಒಮ್ಮೆ ಸವರಿ, ಮಡಿಸಿ, ನನ್ನ ಮೇಜಿನ ಡ್ರಾಯರಿನಲ್ಲಿ ಫೋನಿನ ಪಕ್ಕ ಹಾಕಿದಳು. ಹಿಂದೆ ಮುಂದೆ ಎರಡು ರಟ್ಟು ಮಾತ್ರ ಅಂಟಿಸಿದಳು. ಬೆನ್ನನ್ನು ತೆರೆದೇ ಬಿಟ್ಟಳು. ಹೊಲಿಗೆಯ ಮೇಲೆ ನೀರಿನಂಥ ತೆಳು ಅಂಟು ಒಂದು ಪದರ ಹಚ್ಚಿ ಪ್ರೆಸ್ಸಿಗೆ ಹಾಕಿ ಚಕ್ರ ಬಿಗಿದಳು. ಒಣಗಿದ ಮೇಲೆ ಅಜ್ಜನ ಒಂದೊಂದು ಹೊಲಿಗೆಯೂ ಕಾಣುತ್ತಿತ್ತು. ಮೊದಲ ದಿನದ ನೆಟ್ಟನೆಯವು, ಕೊನೆಯ ದಿನದ ನಡುಗಿದವು.

ನಮ್ಮ ಅಂಗಡಿಯಿಂದ ಒಂದು ಸೊಟ್ಟ ಹೊಲಿಗೆ ಹೊರಗೆ ಹೋಗಲು ಬಿಡದವಳು ಈಗ ಅದನ್ನು ಬಾಗಿಲಿಗೆ ಎದುರಾಗಿ, ಬೆನ್ನು ಹೊರಗೆ ಕಾಣುವ ಹಾಗೆ ಕಪಾಟಿನಲ್ಲಿ ಇಟ್ಟಿದ್ದಾಳೆ. ಗಿರಾಕಿಗಳು ನೋಡಿ, "ಇದಕ್ಕೆ ಇನ್ನೂ ಬೆನ್ನು ಹಾಕಿಲ್ವಲ್ಲಮ್ಮ," ಅನ್ನುತ್ತಾರೆ. "ಇದರ ಕೆಲಸ ಮುಗಿದಿದೆ," ಅನ್ನುತ್ತಾಳೆ ಅತ್ತಿಗೆ.

ಅಜ್ಜ ಈಗ ಸೂಜಿ ಮುಟ್ಟುವುದಿಲ್ಲ. ಬೆಳಗ್ಗೆ ಹತ್ತಕ್ಕೆ ಸ್ವಲ್ಪ ಮುಂಚೆ ಸ್ಟೂಲಿನ ಮೇಲೆ ಬಂದು ಕೂರುತ್ತಾರೆ, ಅತ್ತಿಗೆ ಅವರಿಗೆ ತನ್ನ ಪುಸ್ತಕದಿಂದ ಎರಡು ಪುಟ ಓದುತ್ತಾಳೆ. ಆಮೇಲೆ ಗೋಡೆಯ ಕಡೆ ತಿರುಗಿ ಹೊಸ ಫಾರಂ ಬರೆಯುತ್ತಾಳೆ. ಎರಡನೆಯ ಪುಸ್ತಕಕ್ಕೆ ಇನ್ನೂ ಹೆಸರಿಲ್ಲ, ರಟ್ಟಿಲ್ಲ. ಚೀಟಿ ಮಾತ್ರ ಇದೆ. ಅದರ ಮೇಲೆ 'ಕೊಟ್ಟವರು' ಅನ್ನುವಲ್ಲಿ ಈ ಸಲ ಅವಳು ನನ್ನನ್ನು ಬರೆದಿದ್ದಾಳೆ, ಬಾಯಿಬಡುಕಿ ಅಂತ. ನಾನು ಜಗಳ ಆಡಲು ಹೋದೆ. ಅವಳು ಚಕ್ರ ಬಿಗಿಯುತ್ತಾ ಹೇಳಿದಳು, "ಅವತ್ತು ನೀನು ಕೊಯ್ದಿಲ್ದಿದ್ರೆ ನಾನು ಅದನ್ನ ಸವರಿಕೊಂಡೇ ಸಾಯ್ತಿದ್ದೆ ಕಣೇ. ನಿನ್ನ ಋಣ ದೊಡ್ಡದು."

ನನ್ನನ್ನು ಮೂಲೆಯಿಂದ ಎಳೆದುಕೊಂಡು ಬಂದು ಕೈಗೆ ಕೆಲಸ ಕೊಟ್ಟವಳು ಅವಳು. ಋಣದ ಮಾತು ಅವಳು ಆಡುತ್ತಿದ್ದಾಳೆ. ಋಣ ನನ್ನದು ಅತ್ತಿಗೇ, ಅನ್ನಲು ಬಾಯಿ ತೆರೆದೆ. ಗಡಿಯಾರ ನೋಡಿದೆ, ಹತ್ತು ಗಂಟೆ. ಅವಳು ಆಗಲೇ ಗೋಡೆಯ ಕಡೆ ತಿರುಗಿದ್ದಳು. ಬಾಗಿಲಲ್ಲಿ ಯಾರೋ ಬಂದು ನಿಂತರು.

"ಅಂಟು ಒಣಗ್ತಾ ಇದೆ," ಅಂದೆ, "ಆಮೇಲೆ ಬನ್ನಿ."